ಒಂದು ಕಪ್ಪಿನ ಜರಡಿ

ಒಂದೇ ಒಂದು ಕಪ್ ಕಾಫಿ ಮಾಡುವುದು ನಮ್ಮ ಬಳ್ಳಾರಿ ಕಡೆ ಮರ್ಯಾದಸ್ಥರ ಕೆಲಸವಲ್ಲ. ಮನೆಯಲ್ಲಿ ಒಬ್ಬರೇ ಇದ್ದರೂ ಒಂದೂವರೆ ಕಪ್ ಮಾಡಬೇಕು, ಆ ಅರ್ಧ ಯಾರಿಗೆ ಎಂದು ಯಾರೂ ಕೇಳಬಾರದು. ಬಾಗಿಲು ತೆರೆದೇ ಇರುತ್ತದೆ, ಯಾರಾದರೂ ಬಂದೇ ಬರುತ್ತಾರೆ, ಬಂದವರು ‘ಬ್ಯಾಡ್ರಿ, ಈಗರ ಕುಡಿದು ಬಂದೀನಿ’ ಅನ್ನುತ್ತಲೇ ಕೈ ಚಾಚುತ್ತಾರೆ. ಇಂಥ ಊರಿನಲ್ಲಿ, ಗುಂಡಿ ಒತ್ತಿದರೆ ಅಳೆದು ಒಂದೇ ಕಪ್ ಕಾಫಿ ಇಳಿಸಿ, ಇನ್ನು ನನಗೂ ನಿಮಗೂ ಸಂಬಂಧವಿಲ್ಲ ಎಂದು ದೀಪ ಆರಿಸಿಕೊಂಡು ಕೂಡುವ ಯಂತ್ರವೊಂದು ನಮ್ಮ ಮನೆಗೆ ಬಂತು ಎಂದರೆ, ಅದು ಬಂದ ಕಾಲ ಎಂಥದ್ದಿರಬೇಕು ನೀವೇ ಯೋಚನೆ ಮಾಡಿ.

ಅದು ಗಣಿಯ ಕಾಲ. ಕಬ್ಬಿಣದ ಅದಿರಿನ ಲಾರಿಗಳು ಊರಂಚಿನಲ್ಲಿ ಸಾಲುಗಟ್ಟಿ ನಿಂತಿರುತ್ತಿದ್ದವು. ಅವುಗಳ ಕೆಂಪು ಧೂಳು ನಮ್ಮ ಕಿಟಕಿ, ಕ್ಯಾಲೆಂಡರು, ಹಾಲಿನ ಕೆನೆ ಯಾವುದನ್ನೂ ಬಿಡುತ್ತಿರಲಿಲ್ಲ. ಬೆಳಗ್ಗೆ ಬಿಳಿ ಅಂಗಿ ತೊಟ್ಟು ಹೊರಟವನು ಮಧ್ಯಾಹ್ನಕ್ಕೆ ಇಟ್ಟಿಗೆ ಬಣ್ಣದ ಅಂಗಿಯಲ್ಲಿ ವಾಪಸು ಬರುತ್ತಿದ್ದ. ನಿನ್ನೆ ಸೈಕಲ್ ತುಳಿಯುತ್ತಿದ್ದವನು ಇವತ್ತು ಕಾರಿನ ಕರೀ ಗಾಜನ್ನು ಎರಡೇ ಬೆರಳು ಇಳಿಸಿ, ‘ಏನ್ರೀ ಸರ, ಆರಾಮ್ ಇದ್ದೀರೇನು?’ ಅನ್ನುತ್ತಿದ್ದ. ಆ ಸಂದಿಯಲ್ಲಿ ಮುಖ ಕಾಣುತ್ತಿರಲಿಲ್ಲ. ಯಾರಾದರೂ ಇರಲಿ ಎಂದು ನಾನು ಕರೀ ಗಾಜಿನ ಕಾರುಗಳಿಗೆಲ್ಲ ಒಂದೊಂದು ನಮಸ್ಕಾರ ಹಾಕಿಬಿಡುತ್ತಿದ್ದೆ.

ನನ್ನ ಕೆಲಸ ಮಾತ್ರ ಕಾರಿನದಲ್ಲ, ಕಲ್ಲಿನದು. ಒಂದು ಗಣಿ ಕಂಪನಿಯ ಪ್ರಯೋಗಾಲಯದಲ್ಲಿ ಅದಿರಿನ ಸ್ಯಾಂಪಲ್ ತೆಗೆಯುವವನು ನಾನು. ಗುಡ್ಡದಷ್ಟು ರಾಶಿಯಿಂದ ಹಿಡಿಯಷ್ಟು ತೆಗೆದು, ‘ಇಡೀ ರಾಶಿ ಇಂಥದ್ದು’ ಎಂದು ಬರೆದುಕೊಡಬೇಕು. ಹಿಡಿಯಷ್ಟು ಅಂದರೆ ಕೈಗೆ ಸಿಕ್ಕಲ್ಲಿಂದ ಬಾಚಿಕೊಂಡು ಬರುವುದಲ್ಲ. ರಾಶಿಯ ನೆತ್ತಿಯಿಂದ, ಹೊಟ್ಟೆಯಿಂದ, ಬುಡದಿಂದ ತೆಗೆದು, ತಗಡಿನ ಮೇಲೆ ಸುರಿದು ಗೋಪುರ ಮಾಡಿ, ತಟ್ಟಿ ರೊಟ್ಟಿಯಂತೆ ಚಪ್ಪಟೆ ಮಾಡಿ, ನಾಲ್ಕು ಪಾಲು ಹಾಕಿ, ಎದುರುಬದುರಿನ ಎರಡು ಪಾಲು ಇಟ್ಟುಕೊಂಡು ಉಳಿದೆರಡನ್ನು ಆಚೆಗೆ ಎಸೆಯಬೇಕು. ಮತ್ತೆ ಗೋಪುರ, ಮತ್ತೆ ನಾಲ್ಕು ಪಾಲು. ಕೊನೆಗೆ ಉಳಿದದ್ದನ್ನು ಒಂದರ ಮೇಲೊಂದು ಕೂಡಿಸಿದ ಜರಡಿಗಳಲ್ಲಿ ಅಲ್ಲಾಡಿಸಿ ದಪ್ಪ ಎಷ್ಟು, ಪುಡಿ ಎಷ್ಟು ಎಂದು ನೋಡಬೇಕು. ನನ್ನ ಸ್ಯಾಂಪಲ್ ತಪ್ಪಿದೆ ಎಂದು ಒಬ್ಬನೂ ಬೆರಳು ತೋರಿಸಿದ್ದಿಲ್ಲ. ಈ ವಿಷಯದಲ್ಲಿ ನನಗೆ ಸ್ವಲ್ಪ ಕೊಬ್ಬು ಇತ್ತು ಎಂದು ಈಗಲೇ ಒಪ್ಪಿಕೊಂಡುಬಿಡುತ್ತೇನೆ.

ಯಂತ್ರ ಬಂದದ್ದು ಹೀಗೆ. ಅದಿರು ಕೊಳ್ಳಲು ಹೊರದೇಶದವರು ನಮ್ಮ ಕಚೇರಿಗೆ ಬರುತ್ತಿದ್ದರು. ಅವರಿಗೆ ಕ್ಯಾಂಟೀನಿನ ಸ್ಟೀಲ್ ಲೋಟದಲ್ಲಿ ಕಾಫಿ ಕೊಡುವುದು ಹೇಗೆ ಎಂದು ನಮ್ಮ ಮ್ಯಾನೇಜರು ಸಂಕೋಚಪಟ್ಟುಕೊಂಡು ಇದನ್ನು ತರಿಸಿದರು. ಜೊತೆಗೆ ಒಂದು ಪೆಟ್ಟಿಗೆ ಪುಟ್ಟ ಪ್ಲಾಸ್ಟಿಕ್ ಡಬ್ಬಿಗಳು, ಒಂದೊಂದರಲ್ಲಿ ಒಂದು ಕಪ್ಪಿನ ಪುಡಿ. ಡಬ್ಬಿಯನ್ನು ಯಂತ್ರದೊಳಗಿಟ್ಟು ಮುಚ್ಚಳ ಅಮುಕಿದರೆ ಮೇಲಿಂದ ಸೂಜಿ ಚುಚ್ಚಿ ಬಿಸಿನೀರು ಬಿಡುತ್ತದೆ, ಕೆಳಗಿಂದ ಕಾಫಿ ಇಳಿಯುತ್ತದೆ, ಡಬ್ಬಿ ಕಸಕ್ಕೆ ಹೋಗುತ್ತದೆ. ಹೊರದೇಶದವರು ಬಂದರು, ಯಂತ್ರ ನೋಡಿ ತಲೆಯಾಡಿಸಿದರು, ಕ್ಯಾಂಟೀನಿನ ಸ್ಟೀಲ್ ಲೋಟದ ಕಾಫಿಯನ್ನೇ ಕೇಳಿ ಕುಡಿದು ಹೋದರು. ಡಬ್ಬಿಗಳನ್ನು ನಾವೇ ಹದಿನೈದು ದಿನದಲ್ಲಿ ಖಾಲಿ ಮಾಡಿದೆವು. ಬಳ್ಳಾರಿಯಲ್ಲಿ ಮತ್ತೆ ಸಿಗಲಿಲ್ಲ. ಯಂತ್ರ ಮೂಲೆ ಸೇರಿತು, ಅದರ ತಲೆಯ ಮೇಲೆ ಯಾರೋ ಒಂದು ಗಣಪತಿಯನ್ನು ಕೂರಿಸಿದರು. ದೀಪಾವಳಿಗೆ ಕಚೇರಿ ಸ್ವಚ್ಛ ಮಾಡುವಾಗ ಮ್ಯಾನೇಜರು, ‘ಪಂಪಾಪತಿ, ಇದನ್ನ ನೀವರ ಮನಿಗೆ ಒಯ್ರಿ, ಇಲ್ಲಾಂದ್ರ ಗುಜರಿಗೆ ಹಾಕ್ತೀನಿ’ ಅಂದರು. ಗಣಪತಿಯನ್ನು ಅಲ್ಲೇ ಬಿಟ್ಟು ಯಂತ್ರವನ್ನು ಒಯ್ದೆ.

ನನ್ನ ಹೆಂಡತಿ ಗಿರಿಜಾ ಸಿರುಗುಪ್ಪದವಳು. ಭತ್ತ ಬೆಳೆಯುವ ಮನೆತನ, ಚಹಾ ಕುಡಿಯುವ ನಾಲಿಗೆ. ಯಂತ್ರದ ಸುತ್ತ ಒಂದು ಸುತ್ತು ಬಂದು, ‘ಇದಕ್ಕ ಹಾಕೋ ಡಬ್ಬಿ ಇಲ್ಲ, ಇದರಾಗ ಕುಡಿಯೋ ಮಂದಿ ಇಲ್ಲ. ಮನ್ಯಾಗ ಇದೊಂದs ಕಡಿಮಿ ಆಗಿತ್ತು ನೋಡ್ರಿ’ ಎಂದು ಮಂಚದ ಕೆಳಗೆ ತಳ್ಳಿದಳು. ಕಾಫಿಯನ್ನು ನಾನು ಕಚೇರಿಯಲ್ಲೇ ಕುಡಿದುಕೊಳ್ಳುತ್ತಿದ್ದೆ, ಜಗಳ ಇರಲಿಲ್ಲ.

ಆ ಯಂತ್ರವನ್ನು ಮಂಚದ ಕೆಳಗಿಂದ ಎಬ್ಬಿಸಿದ್ದು ನಮ್ಮ ದೊಡ್ಡಮ್ಮ.

ದೊಡ್ಡಮ್ಮ ಅಂದರೆ ನೀಲಮ್ಮ, ನನ್ನ ತಂದೆಯ ಅಣ್ಣನ ಹೆಂಡತಿ, ಕುರುಗೋಡಿನವಳು. ನಾನು ಹುಟ್ಟಿದ್ದು ಅಪ್ಪ ಹೋಗಿ ನೆಲೆಸಿದ್ದ, ಹೊಳೆ ದಂಡೆಯ ಕೆಂಚನಗುಡ್ಡದಲ್ಲಿ. ನಾಲ್ಕನೆಯ ಕ್ಲಾಸಿನ ಮುಂದೆ ಓದಬೇಕೆಂದರೆ ಊರು ಬಿಡಬೇಕಿತ್ತು. ಅಪ್ಪ ನನ್ನನ್ನು ಒಂದು ಟ್ರಂಕಿನ ಸಮೇತ ಕುರುಗೋಡಿನ ಅಣ್ಣನ ಮನೆಯಲ್ಲಿ ಬಿಟ್ಟು ಹೋದ. ಹದಿನಾಲ್ಕು ಮಂದಿಯ ಮನೆ. ಹದಿನೈದನೆಯವನಾಗಿ ಹೋಗಿ ನಿಂತ ನನ್ನನ್ನು ದೊಡ್ಡಮ್ಮ ಮೇಲಿಂದ ಕೆಳಗೆ ನೋಡಿ, ‘ಕಾಫಿ ಕುಡೀತಿಯೇನಲೇ?’ ಎಂದಳು. ನಮ್ಮ ಹಳ್ಳಿಯಲ್ಲಿ ಕಾಫಿ ಕಂಡಿರಲಿಲ್ಲ. ಕುಡಿಯುತ್ತೇನೆ ಎಂದು ಸುಳ್ಳು ಹೇಳಿದೆ. ಆ ಸುಳ್ಳನ್ನು ಆಕೆ ಆರು ವರ್ಷ ದಿನಾ ಬೆಳಗ್ಗೆ ನಿಜ ಮಾಡಿದಳು. ಮೆಟ್ರಿಕ್ ಪಾಸಾದದ್ದು ನಾನಾದರೂ ಆ ಪಾಸಿನೊಳಗೆ ಆಕೆಯ ಕಾಫಿ ಎಷ್ಟಿತ್ತು ಎಂಬುದು ನನಗೆ ಗೊತ್ತಿದೆ.

ಕುರುಗೋಡಿನಂಥ ಕಲ್ಲುಗುಡ್ಡದ ಊರಿಗೆ ಕಾಫಿ ಹೇಗೆ ಬಂತು ಎಂದು ನೀವು ಕೇಳಬಹುದು. ಬಳ್ಳಾರಿ ಒಂದು ಕಾಲಕ್ಕೆ ಮದ್ರಾಸಿನ ಆಡಳಿತಕ್ಕೆ ಸೇರಿತ್ತು. ನಮ್ಮ ಅಜ್ಜ ಹೊಲದ ವ್ಯಾಜ್ಯ ಒಂದನ್ನು ಬೆನ್ನುಹತ್ತಿ ಮದ್ರಾಸಿಗೆ ಅಡ್ಡಾಡಿದ. ವ್ಯಾಜ್ಯ ಸೋತ, ಕಾಫಿ ಕಲಿತು ಬಂದ. ಧಾರವಾಡದ ಕಡೆಯಿಂದ ಬಂದ ಬೀಗರು ಚಹಾ ಕೇಳುತ್ತಿದ್ದರು, ಆಂಧ್ರದ ಕಡೆಯಿಂದ ಬಂದವರು ಕಾಫಿ ಕೇಳುತ್ತಿದ್ದರು, ನಡುವೆ ಸಿಕ್ಕ ನಮ್ಮ ಜಿಲ್ಲೆಯವರು ಎರಡನ್ನೂ ಕುಡಿದು ಇಬ್ಬರಿಗೂ ಬೇಕಾದವರಾಗಿದ್ದೇವೆ. ಬ್ರಿಟಿಷರು ಹೋದರು, ಮದ್ರಾಸೂ ಕೈಬಿಟ್ಟು ಹೋಯಿತು, ಡಿಕಾಕ್ಷನ್ ಒಂದು ಉಳಿದುಕೊಂಡಿತು. ಅದಕ್ಕಾಗಿ ನಾನು ಅಜ್ಜನಿಗೂ, ಆತನನ್ನು ಸೋಲಿಸಿದ ಎದುರಾಳಿಗೂ ಸಮನಾಗಿ ಋಣಿ.

ಇರಲಿ. ದೊಡ್ಡಮ್ಮನಿಗೆ ಟೈಫಾಯಿಡ್ ಆಯಿತು. ಅವಳ ಮಗ ಬಳ್ಳಾರಿಗೆ ಕರೆತಂದು ನಮ್ಮ ಮನೆಯಲ್ಲಿಟ್ಟ. ಜ್ವರವೇನೋ ಇಳಿಯಿತು, ಆದರೆ ಊಟ ಸೇರಲಿಲ್ಲ. ಗಂಜಿ ಕೊಟ್ಟರೆ ಎರಡು ಚಮಚ, ಅನ್ನ ಕೊಟ್ಟರೆ ಎರಡು ತುತ್ತು. ‘ಬಾಯಿಗೆ ಏನೂ ಹತ್ತವಲ್ದೋ ಪಂಪಾ’ ಎಂದು ತಟ್ಟೆ ಸರಿಸಿಬಿಡುತ್ತಿದ್ದಳು. ಹದಿನೈದು ಮಂದಿಗೆ ರೊಟ್ಟಿ ಬಡಿದ ತೋಳು ನೋಡನೋಡುತ್ತ ಕಟ್ಟಿಗೆಯಾಯಿತು. ಕುಪ್ಪಸ ಬೇರೆ ಯಾರದೋ ತೊಟ್ಟಂತೆ ಜೋತುಬಿತ್ತು. ಡಾಕ್ಟರಮ್ಮ ನೋಡಿ, ‘ಔಷಧದ ಕೆಲಸ ಮುಗಿದೈತ್ರಿ. ಇನ್ನ ಊಟ ಒಳಗ ಹೋಗಬೇಕು. ಹತ್ತು ದಿನ ನೋಡೋಣು, ಇಲ್ಲಾಂದ್ರ ಅಡ್ಮಿಟ್ ಮಾಡಿ ಮೂಗಿನಾಗ ನಳಿಗಿ ಹಾಕಬೇಕಾಗತೈತಿ. ಈ ವಯಸ್ಸಿನಾಗ ಅದು ಚಲೋ ಅಲ್ಲ. ಏನರ ಆಸೆ ಐತೇನು ಕೇಳ್ರಿ, ಅದನ್ನ ಕೊಡ್ರಿ’ ಅಂದರು. ಆಟೋದಲ್ಲಿ ಬರುವಾಗ ಕೇಳಿದೆ. ದೊಡ್ಡಮ್ಮ ಕೇಳಬಾರದ್ದನ್ನು ಕೇಳುವವಳ ಹಾಗೆ ಸಣ್ಣ ದನಿಯಲ್ಲಿ, ‘ಒಂದು ಗುಟುಕು ಕಾಫಿ ಸಿಕ್ರ ನೋಡ್ತೀನಿ’ ಎಂದಳು.

ಅಂಗಡಿಯ ಕಾಫಿಯಲ್ಲ, ಬೆಳಗ್ಗೆ ಇಳಿಸಿ ಮಧ್ಯಾಹ್ನ ಕಾಯಿಸಿದ ಕಾಫಿಯಲ್ಲ. ಆಕೆಗೆ ಅಂತಲೇ, ಆಕೆಯೊಬ್ಬಳಿಗೇ ಅಂತ, ಆ ಕ್ಷಣಕ್ಕೆ ಇಳಿದ ಒಂದು ಕಪ್ ಕೊಡಬೇಕು ಅನ್ನಿಸಿತು. ಅಂಥದ್ದನ್ನೇ ಮಾಡುವ ಯಂತ್ರ ಮಂಚದ ಕೆಳಗೆ ಇತ್ತು. ಇಲ್ಲದ್ದು ಡಬ್ಬಿ ಒಂದೇ. ಬಿಸಾಡುವ ಡಬ್ಬಿ ಸಿಗದಿದ್ದರೆ ತೊಳೆದು ತೊಳೆದು ಬಳಸುವಂಥ ಡಬ್ಬಿ ಮಾಡಿಸಿದರಾಯಿತು, ಅದೇನು ಮಹಾ, ಎಂದುಕೊಂಡು ಬ್ರೂಸ್‌ಪೇಟೆಗೆ ಹೊರಟೆ.

ಬ್ರೂಸ್‌ಪೇಟೆಯ ಒಂದು ಗಲ್ಲಿಯಲ್ಲಿ ಮಾಬುಸಾಬ್ ಅಂತ ಜರಡಿ ಮಾಡುವವರು ಇದ್ದರು. ಅವರ ಮನೆತನವೇ ಜರಡಿಯದು. ಜೋಳಕ್ಕೊಂದು, ಸಜ್ಜೆಗೊಂದು, ಭತ್ತಕ್ಕೊಂದು, ಹಿಟ್ಟಿಗೆ ಎರಡು ಥರ. ಯಂತ್ರದೊಳಗೇ ಉಳಿದಿದ್ದ ಖಾಲಿ ಡಬ್ಬಿಯೊಂದನ್ನು ತೋರಿಸಿ, ಇದೇ ಅಳತೆಯಲ್ಲಿ ಸಣ್ಣ ಜರಡಿ ಬೇಕು ಅಂದೆ. ಅವರು ಕನ್ನಡಕ ಏರಿಸಿ, ‘ಯಾವ ಕಾಳಿಗ್ರಿ?’ ಎಂದರು. ಕಾಫಿಗೆ ಅಂದೆ. ಅವರು ನಕ್ಕರು. ‘ನಾ ಚಾಯ್ ಕುಡಿಯೋ ಮನಿಷ್ಯಾ ಅದೀನಿ. ಆದ್ರೂ ನೋಡೂಣು’ ಎಂದು ಒಪ್ಪಿಕೊಂಡರು. ಮರುದಿನ ಕೊಟ್ಟ ಮೊದಲ ಜರಡಿ ಚಹಾ ಸೋಸುವವರ ಕೈಯಿಂದ ಬಂದದ್ದೆಂದು ನೋಡಿದರೇ ಗೊತ್ತಾಗುತ್ತಿತ್ತು. ಅದರ ಕಣ್ಣುಗಳಲ್ಲಿ ಕಾಫಿ ಪುಡಿ ಕಟ್ಟೆ ಒಡೆದ ಕಾಲುವೆಯಂತೆ ಹರಿದು ಕಪ್ ಸೇರಿತು. ಕುಡಿದರೆ ಹಲ್ಲಲ್ಲಿ ಮಣ್ಣು.

ನಾನು ಪುಡಿಯ ಪೊಟ್ಟಣವನ್ನೇ ಒಯ್ದು ಅವರ ಮುಂದಿಟ್ಟೆ. ಮಾಬುಸಾಬ್ ಒಂದು ಚಿಟಿಕೆ ತೆಗೆದು ಎರಡು ಬೆರಳಿನ ನಡುವೆ ತಿಕ್ಕಿದರು, ಕಣ್ಣು ಮುಚ್ಚಿಕೊಂಡು ಇನ್ನೊಮ್ಮೆ ತಿಕ್ಕಿದರು. ‘ತಪ್ಪು ಜರಡೀದಲ್ರಿ, ಪುಡೀದು. ಇದು ಭಾಳ ಸಣ್ಣಗೈತಿ. ಇದಕ್ಕ ತಕ್ಕ ಜಾಲರಿ ಹಾಕಿದ್ರ ನೀರು ಇಳಿಯಂಗಿಲ್ಲ. ರವಾಕ್ಕಿಂತ ಒಂಚೂರು ಸಣ್ಣಗ ಬೀಸಿಸಿಕೊಂಡು ಬರ್ರಿ, ಅದಕ್ಕ ನಾ ಜಾಲರಿ ಹುಡುಕ್ತೀನಿ’ ಅಂದರು. ಕಾಫಿಯನ್ನೇ ಕುಡಿಯದ ಮನುಷ್ಯ ಕಾಫಿಯ ಮರ್ಮ ಹೇಳಿದ್ದು ನೋಡಿ. ಎಷ್ಟೋ ವರ್ಷ ಜರಡಿ ಅಲ್ಲಾಡಿಸಿ ಬದುಕಿದ ನನಗೆ ಇದು ಹೊಳೆದಿರಲಿಲ್ಲ. ಎರಡನೆಯ ಜರಡಿಗೆ ಅವರು ಬೆಸುಗೆ ಹಾಕಲಿಲ್ಲ. ‘ಬಾಯಿಗೆ ಹೋಗೋ ವಸ್ತು, ಸೀಸ ಗೀಸ ಬ್ಯಾಡ’ ಎಂದು ಸ್ಟೀಲಿನ ಜಾಲರಿಯನ್ನು ಮಡಚಿ ಮಡಚಿ ಅಂಚು ಕಟ್ಟಿದರು. ಹೆಬ್ಬೆರಳಿಗಿಂತ ಸ್ವಲ್ಪ ದೊಡ್ಡ ಬುಟ್ಟಿ, ಮೇಲೆ ತೂತಿನ ಮುಚ್ಚಳ. ಆ ಬುಟ್ಟಿ ಇವತ್ತಿಗೂ ಒಂದು ಎಳೆ ಬಿಚ್ಚಿಲ್ಲ. ಮಾಬುಸಾಬರ ಕೈಯನ್ನು ನಾನು ಹೊಗಳಿ ಮುಗಿಸಲಾರೆ.

ಬಳ್ಳಾರಿ ಹತ್ತಿರದ ಸಂಗನಕಲ್ಲಿನ ಗುಡ್ಡ ಹತ್ತಿದವರು ಅಲ್ಲಿಯ ಬಂಡೆಗಳ ಮೇಲೆ ನುಣ್ಣನೆಯ ಗುಳಿಗಳನ್ನು ನೋಡಿರಬೇಕು. ಸಾವಿರಾರು ವರ್ಷಗಳ ಹಿಂದಿನ ಜನ ಅಲ್ಲಿ ಕೂತು ಅರೆದು ಅರೆದು ಆದ ಗುಳಿಗಳಂತೆ. ಅಲ್ಲೂ ಒಬ್ಬಳು ‘ಇನ್ನಾ ಸಣ್ಣಗ ಆಗಲಿ’ ಅಂದಿರಬೇಕು, ಒಬ್ಬ ‘ಸಾಕು ಬಿಡು’ ಅಂದಿರಬೇಕು. ಎಷ್ಟು ಸಣ್ಣಗೆ ಬೀಸಬೇಕು ಎಂಬ ಜಗಳ ಬಳ್ಳಾರಿಗೆ ಹೊಸದಲ್ಲ ಎಂದು ನಾನು ಗಿರಿಜಾಗೆ ಹೇಳಿದೆ. ಅವಳು, ‘ಅವರರ ಹೊಟ್ಟಿಗೆ ಏನೋ ತಿನ್ನಾಕ ಅರದಿದ್ರು, ನೀವು ಅಡಗಿಮನಿ ತುಂಬ ಪುಡಿ ಚೆಲ್ಲಾಕ ಅರಸೀರಿ’ ಎಂದಳು.

ಚೆಲ್ಲಿದ್ದು ನಿಜ. ಪ್ರಯೋಗಾಲಯದ ಬುದ್ಧಿಯನ್ನೆಲ್ಲ ಅಡುಗೆಮನೆಗೆ ತಂದಿದ್ದೆ. ಕಾಫಿಪುಡಿಯನ್ನೂ ಚಿಕೋರಿಯನ್ನೂ ಪೇಪರಿನ ಮೇಲೆ ಸುರಿದು ಗೋಪುರ ಮಾಡಿ, ಚಪ್ಪಟೆ ತಟ್ಟಿ, ನಾಲ್ಕು ಪಾಲು ಹಾಕಿ ಬೆರೆಸಿದೆ. ಅಭ್ಯಾಸಬಲ ನೋಡಿ, ಎದುರುಬದುರಿನ ಎರಡು ಪಾಲು ಇಟ್ಟುಕೊಂಡು ಉಳಿದೆರಡನ್ನು ಕಿಟಕಿಯಾಚೆ ಎಸೆದೇಬಿಟ್ಟೆ. ಅರ್ಧ ಪುಡಿ ಹಿತ್ತಲ ಪಾಲು. ಗಿರಿಜಾ ಹಣೆ ಹಣೆ ಬಡಿದುಕೊಂಡಳು. ಇನ್ನೊಂದು ದಿನ, ಪ್ರಯೋಗಾಲಯದಲ್ಲಿ ಕೈಬಿಟ್ಟ ಹಳೇ ಜರಡಿಯೊಂದನ್ನು ತೊಳೆದು ತಂದು ಪುಡಿಯನ್ನು ಸೋಸಿದೆ. ತೊಳೆದದ್ದು ಸಾಲದಾಗಿ ಕಾಫಿಯಲ್ಲಿ ಅದಿರು ಬಂತು. ‘ರಕ್ತ ಕಡಿಮಿ ಇದ್ದೋರಿಗೆ ಕೊಡಬೌದು’ ಎಂದು ಗಿರಿಜಾ ಅದನ್ನು ಮೋರಿಗೆ ಚೆಲ್ಲಿದಳು.

ಆದರೆ ದಿನದಿನಕ್ಕೆ ಕಲಿತೆ. ಒಂದು ಕಪ್ಪಿನ ಜರಡಿಯಿಂದ ಒಳ್ಳೆ ಕಾಫಿ ಬೇಕಾದವರಿಗೆ ಉಪಯೋಗವಾದೀತು ಎಂದು ಹೇಳುತ್ತೇನೆ. ಬುಟ್ಟಿಯನ್ನು ಬಾಯಿಮಟ ತುಂಬಬೇಡಿ, ಪುಡಿ ನೆನೆದು ಉಬ್ಬಲು ಜಾಗ ಬೇಕು. ಒತ್ತಬೇಡಿ, ಬೆರಳಿನಿಂದ ಮೇಲಷ್ಟೇ ಸಮ ಮಾಡಿ. ಒತ್ತಿದರೆ ನೀರು ಸಿಟ್ಟಿಗೆದ್ದು ಮುಚ್ಚಳದಿಂದ ಹೊರಗೆ ಬರುತ್ತದೆ. ಚಿಕೋರಿ ಕೈಬಿಡಿ, ಅದು ಅಂಟಾಗಿ ಜಾಲರಿಯ ಕಣ್ಣು ಮುಚ್ಚುತ್ತದೆ. ಮೊದಲು ಒಮ್ಮೆ ಬರೀ ನೀರು ಇಳಿಸಿ ಬುಟ್ಟಿಯನ್ನೂ ಲೋಟವನ್ನೂ ಬಿಸಿ ಮಾಡಿಕೊಳ್ಳಿ. ಬೋರಿನ ಉಪ್ಪುನೀರು ಹಾಕಬೇಡಿ. ನಾನು ಹಾಕಿ ಯಂತ್ರದ ಗಂಟಲಲ್ಲಿ ಸುಣ್ಣ ಕಟ್ಟಿಸಿ, ಲಿಂಬೆರಸ ಕುಡಿಸಿ ಬಿಡಿಸಿಕೊಂಡೆ. ಸಣ್ಣ ಕಪ್ಪಿನ ಗುಂಡಿಯನ್ನೇ ಒತ್ತಿ, ಹಾಲನ್ನು ಬೇರೆ ಕಾಯಿಸಿ ಸೇರಿಸಿ. ಮುಗಿದ ಕೂಡಲೇ ಬುಟ್ಟಿ ತೊಳೆಯಿರಿ. ನಾಳೆ ತೊಳೆದರಾಯಿತು ಎಂದು ಬಿಟ್ಟರೆ ನಿನ್ನೆಯ ಎಣ್ಣೆಜಿಡ್ಡು ಇವತ್ತಿನ ಕಾಫಿಯನ್ನು ಕೆಡಿಸುತ್ತದೆ.

ಬೆಳಗಿನ ಕ್ರಮ ಹೀಗಿತ್ತು. ನಾನು ಬುಟ್ಟಿ ತುಂಬಿ, ದೊಡ್ಡಮ್ಮನ ಸ್ಟೀಲ್ ಲೋಟವನ್ನು ಯಂತ್ರದ ಬಾಯಿಗೆ ಹಿಡಿಸಿ, ಗುಂಡಿ ಒತ್ತಿ, ಪಕ್ಕದಲ್ಲಿ ಬಿಸಿ ಹಾಲು ಇಟ್ಟು ಸ್ನಾನಕ್ಕೆ ಹೋಗುವುದು. ಪಿಂಗಾಣಿ ಕಪ್ ಆಕೆಗೆ ಒಗ್ಗುತ್ತಿರಲಿಲ್ಲ. ಗಿರಿಜಾ ಆ ಹೊತ್ತಿಗೆ ಹಿತ್ತಲಲ್ಲಿ ನಲ್ಲಿ ನೀರು ಹಿಡಿಯುತ್ತಿರುತ್ತಿದ್ದಳು. ನಾನು ಸ್ನಾನ ಮುಗಿಸಿ ಬರುವಷ್ಟರಲ್ಲಿ ನನ್ನ ಕಪ್ಪೂ ತಯಾರಾಗಿ ತಟ್ಟೆ ಮುಚ್ಚಿಕೊಂಡು ಮೇಜಿನ ಮೇಲೆ ಇರುತ್ತಿತ್ತು, ದೊಡ್ಡಮ್ಮ ತನ್ನ ಲೋಟ ಹಿಡಿದು ಕೂತಿರುತ್ತಿದ್ದಳು. ಗಿರಿಜಾ ಹೊಸ ಪುಡಿ ಹಾಕಿ ನನಗೂ ಒಂದು ಇಳಿಸಿದ್ದಾಳೆ, ಪರವಾಗಿಲ್ಲ, ಕಲಿತಳು ಎಂದುಕೊಂಡು ಕುಡಿಯುತ್ತಿದ್ದೆ.

ಏನು ಕಾಫಿ ಅಂತೀರಿ! ಬೀಸುವ ಹದ ಸಿಕ್ಕ ದಿನ ಒಂದು ಮೆಟ್ಟಿಲು ಏರಿತು, ಸಿಹಿನೀರು ಹಾಕಿದ ದಿನ ಇನ್ನೊಂದು ಮೆಟ್ಟಿಲು. ಚಿಕೋರಿ ಬಿಟ್ಟ ದಿನವಂತೂ ನಾನು ಕಪ್ಪಿನ ತಳದ ಹನಿಯನ್ನೂ ಬಿಡಲಿಲ್ಲ. ‘ಹೆಂಗೈತಿ ದೊಡ್ಡಮ್ಮ?’ ಎಂದು ಕೇಳಿದರೆ ಆಕೆ, ‘ಚಲೋ ಐತಿ ತಗೋ, ಬಿಸಿ ಐತಿ’ ಅನ್ನುತ್ತಿದ್ದಳು. ಹಾಗೆ ಹೇಳಿ ಅರ್ಧ ಬಿಟ್ಟುಬಿಡುತ್ತಿದ್ದಳು. ಪಕ್ಕದ ಇಡ್ಲಿಯನ್ನು ಮುರಿದು ಕೂಡ ನೋಡುತ್ತಿರಲಿಲ್ಲ. ಇದೊಂದು ವಿಚಿತ್ರ. ನನ್ನ ಕಾಫಿ ಸುಧಾರಿಸಿದಷ್ಟೂ ಆಕೆ ಬಿಡುವುದು ಹೆಚ್ಚಾಯಿತು. ಮೊದಲು ಅರ್ಧ ಬಿಡುತ್ತಿದ್ದವಳು ಆಮೇಲೆ ಮುಕ್ಕಾಲು ಬಿಟ್ಟಳು. ಹತ್ತು ದಿನದಲ್ಲಿ ಎಂಟು ಕಳೆದವು. ಡಾಕ್ಟರಮ್ಮನ ನಳಿಗೆ ನನ್ನ ಕಣ್ಣಮುಂದೆಯೇ ಇತ್ತು.

ನನಗೆ ಹೆದರಿಕೆಯಾಯಿತು, ಹೆದರಿಕೆಯಾದರೆ ನನಗೆ ಸಿಟ್ಟು ಬರುತ್ತದೆ. ‘ಜ್ವರ ನಾಲಿಗೀನs ಕೆಡಿಸೈತಿ, ಇಂಥಾ ಕಾಫಿ ರುಚಿಸೂದಿಲ್ಲಾಂದ್ರ ಇನ್ನೇನು ರುಚಿಸತೈತಿ’ ಎಂದು ಗಿರಿಜಾ ಮೇಲೆ ಕೂಗಾಡಿದೆ. ಆಕೆಯ ಬಟ್ಟೆಗಂಟು ಕಟ್ಟಿಡು, ನಾಡಿದ್ದು ಅಡ್ಮಿಟ್ ಮಾಡೋಣ ಅಂದೆ. ರಾಶಿ ನೋಡದೆ ತೀರ್ಪು ಕೊಡಬಾರದು ಎಂದು ಹೊಸಬರಿಗೆ ಪಾಠ ಹೇಳುವವನು ನಾನೇ. ನಾನು ದಿನಾ ರುಚಿ ನೋಡುತ್ತಿದ್ದದ್ದು ನನ್ನ ಕಪ್ಪಿನದು, ಆಕೆಯ ಲೋಟದ್ದಲ್ಲ. ಎರಡೂ ಒಂದೇ ಎಂದು ಹೇಳಿದವರು ಯಾರು? ಯಾರೂ ಇಲ್ಲ, ನಾನೇ ಅಂದುಕೊಂಡದ್ದು.

ಒಂಬತ್ತನೆಯ ದಿನ ಬೆಳಗ್ಗೆ ಬಚ್ಚಲಲ್ಲಿ ಸಾಬೂನು ಇರಲಿಲ್ಲ. ಟವೆಲು ಸುತ್ತಿಕೊಂಡು ವಾಪಸು ಬಂದೆ. ಅಡುಗೆಮನೆಯ ಬಾಗಿಲಲ್ಲಿ ನಿಂತುಬಿಟ್ಟೆ.

ದೊಡ್ಡಮ್ಮ ಯಂತ್ರದ ಮುಂದೆ ನಿಂತಿದ್ದಳು. ಒಂದು ಕೈ ಕಟ್ಟೆಯ ಮೇಲೆ, ನಿಲ್ಲುವ ಶಕ್ತಿ ಸಾಲದ್ದಕ್ಕೆ. ಇನ್ನೊಂದು ಕೈಯಿಂದ, ತನ್ನ ಸ್ಟೀಲ್ ಲೋಟಕ್ಕೆ ಇಳಿದಿದ್ದ ಕಪ್ಪನೆಯ ಡಿಕಾಕ್ಷನ್ನನ್ನು ಹನಿಯೂ ಚೆಲ್ಲದಂತೆ ನನ್ನ ಕಪ್ಪಿಗೆ ಬಗ್ಗಿಸಿದಳು, ಹಾಲು ಸಕ್ಕರೆ ಹಾಕಿ ಕಲಕಿದಳು, ತಟ್ಟೆ ಮುಚ್ಚಿದಳು. ಖಾಲಿ ಲೋಟವನ್ನು ಮತ್ತೆ ಯಂತ್ರದ ಬಾಯಿಗೆ ಹಿಡಿಸಿದಳು. ಬುಟ್ಟಿ ತೆಗೆಯಲಿಲ್ಲ, ಪುಡಿ ಬದಲಿಸಲಿಲ್ಲ. ಗುಂಡಿ ಒತ್ತಿದಳು. ಅದೇ ಚರಟದ ಮೂಲಕ ಎರಡನೆಯ ನೀರು ಇಳಿಯಿತು, ಕಲಗಚ್ಚಿನ ಬಣ್ಣದ್ದು.

‘ದೊಡ್ಡಮ್ಮ, ಏನ್ ಮಾಡಾಕತ್ತೀ?’

ಆಕೆ ಬೆಚ್ಚಲಿಲ್ಲ. ‘ನಿಂದು ಅಲ್ಲಿ ಮುಚ್ಚಿಟ್ಟೀನಿ ನೋಡು, ಆರಿ ಹೋಗತೈತಿ ಕುಡಿ. ನಂದು ಈಗ ಇಳ್ಯಾಕತ್ತೈತಿ’ ಅಂದಳು.

‘ಅದು ನಿಂದು! ನಿನಗಂತ ಮಾಡಿದ್ದು!’

‘ಕೆಲಸಕ್ಕ ಹೋಗೋನು ನೀನು. ಮೊದಲಿಂದು ನೀ ಕುಡೀಬೇಕು. ಚರಟದಾಗ ಇನ್ನಾ ಸತ್ವ ಇರತೈತೋ, ಚೆಲ್ಲಾಕ ಮನಸಾಗಂಗಿಲ್ಲ. ನಂಗ ಇದು ಸಾಕು.’

‘ಎಂದಿನಿಂದ ಹಿಂಗ ಮಾಡಾಕತ್ತೀ?’

ನಾನು ಕೇಳಿದ್ದು ಈ ಕೆಲವು ದಿನದ ಮಾತು. ಆಕೆ ಸ್ವಲ್ಪ ಯೋಚಿಸಿ, ‘ಮದಿವ್ಯಾಗಿ ಬಂದಾಗಿಂದ’ ಅಂದಳು.

ಹಿತ್ತಲಿಂದ ಕೊಡ ಹೊತ್ತು ಬಂದ ಗಿರಿಜಾ ನಮ್ಮಿಬ್ಬರ ಮುಖ ನೋಡಿದಳು. ವಿಷಯ ತಿಳಿದು, ‘ಅಯ್ಯ, ಎರಡೂ ನೀವs ಮಾಡಿಟ್ಟು ಹೋಗ್ತೀರಿ ಅನ್ಕೊಂಡಿದ್ನೆಲ್ರಿ!’ ಎಂದಳು. ನಾನು ಅವಳು ಅಂದುಕೊಂಡಿದ್ದೆ, ಅವಳು ನಾನು ಅಂದುಕೊಂಡಿದ್ದಳು, ನಡುವೆ ದೊಡ್ಡಮ್ಮ ತನ್ನ ಹಳೇ ಪದ್ಧತಿಯನ್ನು ಹೊರದೇಶದ ಯಂತ್ರಕ್ಕೂ ಕಲಿಸಿದ್ದಳು. ನಾನು ಜಾಲರಿ, ಬೀಸು, ನೀರು ಎಲ್ಲ ಸರಿಮಾಡಿ ಮೊದಲ ನೀರಿಗೇ ಸತ್ವವನ್ನೆಲ್ಲ ಎಳೆಯುವಂತೆ ಮಾಡಿದ್ದೆನಲ್ಲ, ಎರಡನೆಯ ನೀರಿಗೆ ಉಳಿಯುವುದಾದರೂ ಏನು? ನನ್ನ ಜಾಣತನವೇ ದಿನದಿನಕ್ಕೂ ಆಕೆಯ ಲೋಟವನ್ನು ತೆಳ್ಳಗೆ ಮಾಡುತ್ತಾ ಬಂದಿತ್ತು.

ಆಗ ಕುರುಗೋಡಿನ ಅಡುಗೆಮನೆ ಕಣ್ಣಿಗೆ ಕಟ್ಟಿತು. ದೊಡ್ಡ ತಪ್ಪಲೆ, ಬಟ್ಟೆಯ ಸೋಸುಚೀಲ. ಮೊದಲ ಡಿಕಾಕ್ಷನ್ ಅಜ್ಜನಿಗೆ, ಬಂದ ಬೀಗರಿಗೆ, ದೊಡ್ಡಪ್ಪನಿಗೆ, ಮತ್ತೆ ‘ಸಾಲಿಗೆ ಹೋಗೋ ಹುಡ್ರು, ತಲಿ ಓಡಬೇಕು’ ಎಂದು ನಮಗೆ. ಎರಡನೆಯದು ಹೊಲದ ಆಳುಗಳಿಗೆ. ಆರು ವರ್ಷ ನಾನು ಆ ಒಲೆಯ ಮುಂದೆ ಕೂತು ಕುಡಿದೆ. ಆಕೆ ಏನು ಕುಡಿಯುತ್ತಾಳೆ ಎಂದು ಒಂದು ದಿನವೂ ನೋಡಲಿಲ್ಲ. ಜಗತ್ತಿನ ಅದಿರನ್ನೆಲ್ಲ ನೆತ್ತಿಯಿಂದ ಬುಡದವರೆಗೆ ನೋಡಿದವನು, ನನ್ನನ್ನು ಸಾಕಿದವಳ ಲೋಟದೊಳಗೆ ಇಣುಕಲಿಲ್ಲ. ನಾಚಿಕೆಯಾಯಿತು. ನಾಚಿಕೆಗಿಂತ ಹೆಚ್ಚಾಗಿ, ಇನ್ನೂ ತಡವಾಗಿಲ್ಲವಲ್ಲ, ಆಕೆ ನನ್ನ ಅಡುಗೆಮನೆಯಲ್ಲಿ ನಿಂತಿದ್ದಾಳಲ್ಲ ಎಂದು ಯಾರಿಗೆ ಕೈಮುಗಿಯಬೇಕೋ ತಿಳಿಯದಷ್ಟು ಕೃತಜ್ಞತೆ ಉಕ್ಕಿತು. ಟವೆಲಿನಲ್ಲೇ ಕಣ್ಣೊರೆಸಿಕೊಂಡೆ.

ಆಕೆಯನ್ನು ಕುರ್ಚಿಯಲ್ಲಿ ಕೂಡಿಸಿ ತಟ್ಟೆ ತೆಗೆದು ನನ್ನ ಕಪ್ಪನ್ನು ಕೈಗಿಟ್ಟೆ. ‘ಬ್ಯಾಡೋ, ನಿಂಗ ಹೊತ್ತಾಗತೈತಿ, ನೀ ಕುಡಿದು ಹೋಗು’ ಎಂದು ಶುರು ಮಾಡಿದಳು. ನಾನು ಗದರಿದೆ. ಗಿರಿಜಾ, ‘ಕುಡೀರಿ ದೊಡ್ಡತ್ತಿ, ಇಲ್ಲಾಂದ್ರ ಇವರು ಟವೆಲ್ ಮ್ಯಾಲೆ ಇಲ್ಲೇ ನಿಲ್ತಾರ, ಇವತ್ತು ಕೆಲಸಕ್ಕ ಹೋಗಂಗಿಲ್ಲ’ ಎಂದಳು. ಆ ಹೆದರಿಕೆಗೆ ಒಂದು ಗುಟುಕು ಕುಡಿದಳು.

ಬಾಯಲ್ಲಿ ಇಟ್ಟುಕೊಂಡಳು, ನುಂಗಲಿಲ್ಲ. ಆಮೇಲೆ ನುಂಗಿದಳು. ಇನ್ನೊಂದು ಗುಟುಕು ತೆಗೆದುಕೊಂಡಳು, ಈ ಸಲ ಯಾರೂ ಹೇಳಲಿಲ್ಲ. ನಾವಿಬ್ಬರೂ ಆ ಕಪ್ಪನ್ನೇ ನೋಡುತ್ತಿದ್ದೆವು. ಕಪ್ ಅರ್ಧವಾಯಿತು, ಕಾಲಾಯಿತು, ತಳ ಕಂಡಿತು. ದೊಡ್ಡಮ್ಮ ಖಾಲಿ ಕಪ್ಪನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ನನ್ನತ್ತ ನೋಡಿದಳು. ಸಿಟ್ಟಿರಲಿಲ್ಲ, ನಿಜವಾಗಿ ತಿಳಿದುಕೊಳ್ಳಬೇಕು ಅನ್ನುವವಳ ಹಾಗೆ ಕೇಳಿದಳು.

‘ಇಷ್ಟು ದಿನ ನೀವೆಲ್ಲಾ ಇದನ್ನ ಕುಡೀತಿದ್ರೇನಲೇ?’

ಹೌದು ದೊಡ್ಡಮ್ಮ, ಎಂದೆ. ನೀನೇ ಮಾಡಿ ಕೊಟ್ಟಿದ್ದು, ಎಂದೆ. ಹೇಳಿ, ಕಟ್ಟೆಯ ಮೇಲಿದ್ದ ಆಕೆಯ ಲೋಟವನ್ನು ಎತ್ತಿ ಕುಡಿದೆ. ಬಿಸಿ ಇತ್ತು. ಆಕೆ ಇಷ್ಟು ದಿನ ಸುಳ್ಳು ಹೇಳಿರಲಿಲ್ಲ, ಅದರಲ್ಲಿ ಹೊಗಳಲಿಕ್ಕೆ ಇದ್ದದ್ದು ಅದೊಂದೇ. ಕಹಿನೀರನ್ನು ಪೂರ್ತಿ ಕುಡಿದೆ.

ದೊಡ್ಡಮ್ಮ ಮೂಗಿನಿಂದ ಒಮ್ಮೆ ಉಸಿರೆಳೆದು, ‘ಗಿರಿಜವ್ವಾ, ತಿನ್ನಾಕ ಏನೈತಿ?’ ಎಂದಳು. ಗಿರಿಜಾ ಇಡ್ಲಿಯ ಪಾತ್ರೆಯತ್ತ ಓಡಿದ ಓಟ ಇವತ್ತಿಗೂ ನನ್ನ ಕಣ್ಣಲ್ಲಿದೆ. ಒಂದು ಇಡ್ಲಿ ಪೂರ್ತಿ ಹೋಯಿತು, ಎರಡನೆಯದರಲ್ಲಿ ಅರ್ಧ. ಆಮೇಲೆ ದೊಡ್ಡಮ್ಮ ಸೆರಗಿನಿಂದ ಬಾಯೊರೆಸಿಕೊಂಡು, ಖಾಲಿ ಕಪ್ಪನ್ನು ನನ್ನ ಕಡೆ ಚಾಚಿದಳು.

‘ಲೇ ಪಂಪಾ, ಇನ್ನೊಂದು ಹಾಕು.’ ನಾನು ತಿರುಗುವಷ್ಟರಲ್ಲಿ ಹಿಂದಿನಿಂದ ಮತ್ತೆ ದನಿ ಬಂತು, ಈ ಸಲ ಗಟ್ಟಿಯಾಗಿ. ‘ಹೊಸಾ ಪುಡಿ ಹಾಕು ಮತ್ತ!’

ಆಕೆಯ ಕಣ್ಣೆದುರಿಗೇ ಬುಟ್ಟಿ ಬಿಚ್ಚಿ ಚರಟವನ್ನು ಚೆಲ್ಲಿದೆ. ದೊಡ್ಡಮ್ಮ ನೋಡಿದಳು, ಬ್ಯಾಡ ಅನ್ನಲಿಲ್ಲ.